ಹತ್ತಿದ ಗೇರಿನಲ್ಲೇ ಇಳಿಯಬೇಕು

ಕಳೆದ ಶ್ರಾವಣದ ಒಂದು ಭಾನುವಾರ ಸಂಜೆ ಮೌಲಾಲಿಯ ಸ್ನೇಹಿತರ ಮನೆಯಿಂದ ತಾರ್ನಾಕಕ್ಕೆ ವಾಪಸು ಬರುತ್ತಿದ್ದೆವು. ಕಾರು ಓಡಿಸುತ್ತಿದ್ದವಳು ಮಗಳು. ಲೈಸೆನ್ಸ್ ಕೈಗೆ ಬಂದು ಮೂರೇ ವಾರವಾಗಿತ್ತು. ನಾನು ಪಕ್ಕದ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಾ ‘ನಿಧಾನ, ನಿಧಾನ’ ಎನ್ನುತ್ತಿದ್ದೆ. ಲಾಲಾಪೇಟೆಯ ಫ್ಲೈಓವರ್ ಹತ್ತಿದೆವು. ಇಳಿಜಾರು ಶುರುವಾಗುತ್ತಿದ್ದಂತೆ ಅವಳು ಕ್ಲಚ್ ಒತ್ತಿ, ಸಲೀಸಾಗಿ ಗೇರನ್ನು ನ್ಯೂಟ್ರಲ್‌ಗೆ ತಂದು ಗಾಡಿಯನ್ನು ಹರಿಯಬಿಟ್ಟಳು.

“ಇದೇನೇ ಇದು?” ಎಂದೆ.

“ನೀನೇ ಮಾಡ್ತೀಯಲ್ಲಪ್ಪಾ. ಇಳಿಜಾರಲ್ಲಿ ಪೆಟ್ರೋಲ್ ಉಳಿಯುತ್ತೆ ಅಂತ.”

ಹಿಂದೆ ಕೂತಿದ್ದ ನನ್ನ ಹೆಂಡತಿ ಏನೂ ಮಾತಾಡಲಿಲ್ಲ. ಕೆಮ್ಮಿದಳು. ಆ ಕೆಮ್ಮಿನ ಅರ್ಥ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ನಾನು ಸಾಗರದವನು. ಕೆಲಸಕ್ಕಾಗಿ ಹೈದರಾಬಾದಿಗೆ ಬಂದು, ತಾರ್ನಾಕದಲ್ಲಿ ಮನೆ ಮಾಡಿ ಮೂವತ್ತು ವರ್ಷ ಆಯಿತು. ತಾರ್ ಎಂದರೆ ತಂತಿ, ನಾಕಾ ಎಂದರೆ ತಡೆದು ನಿಲ್ಲಿಸುವ ಜಾಗ. ನಿಜಾಮರ ಕಾಲದಲ್ಲಿ ಇಲ್ಲೊಂದು ತಂತಿಬೇಲಿಯ ನಾಕಾ ಇತ್ತಂತೆ ಎಂದು ಇಲ್ಲಿಯ ಹಳಬರು ಹೇಳುತ್ತಾರೆ. ನಿಲ್ಲಿಸುವ ಜಾಗದಲ್ಲಿ ಮೂವತ್ತು ವರ್ಷ ಇದ್ದೂ, ಗಾಡಿ ನಿಲ್ಲಿಸುವುದನ್ನು ನಾನು ಸರಿಯಾಗಿ ಕಲಿತದ್ದು ತೀರಾ ಇತ್ತೀಚೆಗೆ. ಆ ಕಥೆ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಈ ಪತ್ರಿಕೆಯ ಓದುಗರಲ್ಲಿ ಕೆಲವರು ನನ್ನ ‘ಶ್ರೀಶೈಲದ ಕಥೆ’ಯನ್ನು ಆಗಲೇ ಕೇಳಿರಬಹುದು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಕಾರ್ಯಕ್ರಮ ಮುಗಿದು ಕಾಫಿ ಕುಡಿಯುವಾಗ ಅದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಘಾಟಿಯಲ್ಲಿ ಬ್ರೇಕ್ ಫೇಲ್ ಆಯಿತು, ಸ್ಟೇರಿಂಗೂ ಜಾಮ್ ಆಯಿತು, ಇನ್ನೇನು ಕಾರು ಕಣಿವೆಗೆ ಹೋಗಬೇಕು ಅನ್ನುವಾಗ ಮಲ್ಲಿಕಾರ್ಜುನನೇ ಕೈಹಿಡಿದು ಗುಡ್ಡದ ಕಡೆಗೆ ತಿರುಗಿಸಿದ ಎಂದು ಹೇಳುತ್ತಿದ್ದೆ. ಕೇಳಿದವರು ಕೈಮುಗಿಯುತ್ತಿದ್ದರು. ಆ ಕಥೆಯಲ್ಲಿ ಒಂದು ಮಾತು ಸುಳ್ಳು. ಬ್ರೇಕ್ ಫೇಲ್ ಆಗಿರಲಿಲ್ಲ. ನಾನು ಫೇಲ್ ಆಗಿದ್ದೆ.

ನಡೆದದ್ದು ಹೀಗೆ.

2013ರ ಯುಗಾದಿಯ ಸಮಯ. ಊರಿನಿಂದ ಅಮ್ಮ ಬಂದಿದ್ದಳು. ಯುಗಾದಿಗೆ ಶ್ರೀಶೈಲ ಎಂದರೆ ನಮ್ಮ ಕಡೆಯವರದೇ ಜಾತ್ರೆ. ಉತ್ತರ ಕರ್ನಾಟಕದಿಂದ ಜನ ಕಂಬಿ ಹೊತ್ತು ದಿನಗಟ್ಟಲೆ ನಡೆದು ಬರುತ್ತಾರೆ. ಆ ಗದ್ದಲ ಮುಗಿಯಲಿ ಎಂದು ಒಂದು ವಾರ ಕಾದು ಹೊರಟೆವು. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಸಣ್ಣ ಕಾರು. ನಾನು, ಹೆಂಡತಿ, ಐದನೇ ಕ್ಲಾಸಿನಲ್ಲಿದ್ದ ಮಗಳು, ಅಮ್ಮ, ಡಿಕ್ಕಿ ತುಂಬ ಸಾಮಾನು. ಮನ್ನನೂರಿನ ಅರಣ್ಯದ ಗೇಟು ರಾತ್ರಿ ಮುಚ್ಚಿರುತ್ತದೆ, ಬೆಳಗ್ಗೆ ಆರಕ್ಕೆ ತೆಗೆಯುತ್ತಾರೆ. ಹಾಗಾಗಿ ಮೂರೂವರೆಗೇ ತಾರ್ನಾಕ ಬಿಟ್ಟು ಕಲ್ವಕುರ್ತಿ ಮಾರ್ಗವಾಗಿ ಹೋಗಿ ಗೇಟಿನ ಮುಂದೆ ನಿಂತಿದ್ದೆವು. ನಲ್ಲಮಲದ ಕಾಡು, ಬೆಳಗಿನ ತಂಪು, ಅಮ್ಮನ ಭಜನೆ. ಎಲ್ಲ ಚೆನ್ನಾಗಿತ್ತು.

ಈಗಲಪೆಂಟ ದಾಟಿದ ಮೇಲೆ ರಸ್ತೆ ಅಣೆಕಟ್ಟಿನ ಕಡೆಗೆ, ಕೃಷ್ಣೆಯ ಕಡೆಗೆ ಸುತ್ತಿ ಸುತ್ತಿ ಇಳಿಯುತ್ತದೆ. ನಮ್ಮ ಆಫೀಸಿನಲ್ಲಿ ಆಗ ಎಲ್ಲರಿಗೂ ಮೈಲೇಜಿನ ಹುಚ್ಚು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಲೀಟರಿಗೆ ಎರಡು ಕಿಲೋಮೀಟರ್ ಜಾಸ್ತಿ ಬರುತ್ತದೆ ಎಂದು ಯಾರೋ ಹೇಳಿದ್ದನ್ನು ನಾನು ಮಂತ್ರದಂತೆ ಪಾಲಿಸುತ್ತಿದ್ದೆ. ಘಾಟಿ ಇಳಿಯುವುದು ಶುರುವಾದಾಗ ನ್ಯೂಟ್ರಲ್‌ಗೆ ಹಾಕಿದೆ. ಗಾಡಿ ಓಡಿತು. ಬ್ರೇಕ್ ಒತ್ತಿದೆ. ಮತ್ತೆ ಓಡಿತು, ಮತ್ತೆ ಒತ್ತಿದೆ. ನಾಲ್ಕಾರು ತಿರುವು ಕಳೆಯುವಷ್ಟರಲ್ಲಿ ಸುಟ್ಟ ರಬ್ಬರಿನಂಥ ವಾಸನೆ ಬಂತು. ಮಗಳು “ಏನೋ ಸುಟ್ಟ ವಾಸನೆ” ಎಂದಳು. ಮುಂದಿನ ಲಾರಿಯದಿರಬೇಕು ಎಂದೆ. ಮುಂದೆ ಯಾವ ಲಾರಿಯೂ ಇರಲಿಲ್ಲ.

ಅದರ ನಂತರದ ತಿರುವಿನಲ್ಲಿ ಪೆಡಲ್ ಒತ್ತಿದರೆ ಕಾಲು ನೆಲದವರೆಗೆ ಹೋಯಿತು. ಒದ್ದೆ ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ. ಗಾಡಿ ನಿಲ್ಲಲಿಲ್ಲ. ಆಗ ನನ್ನ ಕೈ ಒಂದು ಕೆಲಸ ಮಾಡಿತು. ತಲೆ ಹೇಳಿದ್ದಲ್ಲ, ಕೈಯೇ ಮಾಡಿದ್ದು. ಎಂಜಿನ್ ಆಫ್ ಮಾಡಿದರೆ ಗಾಡಿ ನಿಲ್ಲುತ್ತದೆ ಎಂದು ಎಲ್ಲೋ ಕೇಳಿದ್ದ ಮಾತು ಬೆರಳಿನಲ್ಲಿ ಕೂತಿತ್ತು. ಕೀ ತಿರುಗಿಸಿ ಎಂಜಿನ್ ಆರಿಸಿಬಿಟ್ಟೆ. ನ್ಯೂಟ್ರಲ್‌ನಲ್ಲಿರುವ ಗಾಡಿಯ ಎಂಜಿನ್ ಆರಿಸಿದರೆ ಗಾಡಿ ಯಾಕೆ ನಿಲ್ಲುತ್ತದೆ? ಚಕ್ರಕ್ಕೂ ಎಂಜಿನ್ನಿಗೂ ಸಂಬಂಧವೇ ಕಡಿದಿರುತ್ತದಲ್ಲ. ನಿಲ್ಲುವ ಬದಲು ಪವರ್ ಸ್ಟೇರಿಂಗ್ ಹೋಗಿ ಚಕ್ರ ಕಲ್ಲಾಯಿತು. ಎರಡೂ ಕೈಯಿಂದ ಎಳೆದರೂ ತಿರುವಿಗೆ ಸಾಕಾಗುವಷ್ಟು ತಿರುಗುತ್ತಿರಲಿಲ್ಲ. ಎದುರಿಗೆ ಸಿಮೆಂಟಿನ ಕಟ್ಟೆ, ಅದರಾಚೆ ಬರೀ ಗಾಳಿ.

“ಗೇರಿಗೆ ಹಾಕೋ!” ಎಂದು ಹಿಂದಿನಿಂದ ಅಮ್ಮ ಕೂಗಿದಳು. “ನಿಮ್ಮಪ್ಪ ಗೇರಲ್ಲೇ ಇಳೀತಿದ್ರು. ಗೇರಿಗೆ ಹಾಕು!”

ನನ್ನಪ್ಪ ಸಾಗರದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. ಅಂಬಾಸಿಡರ್. ಜೋಗ ನೋಡಲು ಬಂದವರನ್ನು ಕರೆದುಕೊಂಡು ಹೋಗಿ, ಮಾವಿನಗುಂಡಿಯಿಂದ ಮಲೆಮನೆ ಘಾಟಿ ಇಳಿದು ಹೊನ್ನಾವರದವರೆಗೂ ಬಿಟ್ಟು ಬರುತ್ತಿದ್ದರು. ಅಮ್ಮ ಎಂದೂ ಸ್ಟೇರಿಂಗ್ ಮುಟ್ಟಿದವಳಲ್ಲ. ಆದರೆ ಅಪ್ಪನ ಪಕ್ಕ ಕೂತು ಎಷ್ಟೋ ಸಲ ಆ ಘಾಟಿ ಇಳಿದಿದ್ದಳು. ‘ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು’ ಎಂದು ಅಪ್ಪ ಹೇಳುತ್ತಿದ್ದದ್ದು ಅವಳಿಗೆ ಬಾಯಿಪಾಠವಾಗಿತ್ತು. ನಾನೂ ಕೇಳಿದ್ದೆ. ಹಳೇ ಕಾಲದ ಮಾತು ಎಂದು ಬಿಟ್ಟಿದ್ದೆ.

ಕೀ ತಿರುಗಿಸಿದೆ. ಎಂಜಿನ್ ಹೊತ್ತಿಕೊಂಡಿತು, ಸ್ಟೇರಿಂಗ್ ಹಗುರವಾಯಿತು. ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಎಂಜಿನ್ ಕಿರುಚಿತು, ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದ ಹಾಗೆ ಗಾಡಿ ಹಿಡಿಯಿತು. ಕಟ್ಟೆಗೆ ಸವರಿಕೊಂಡೇ ತಿರುವು ಕಳೆಯಿತು. ಆಮೇಲೆ ಎರಡನೇ ಗೇರು. ಗುಡ್ಡದ ಬದಿಯಲ್ಲಿ ಸ್ವಲ್ಪ ಅಗಲದ ಜಾಗ ಕಂಡಿತು. ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದು, ಚರಂಡಿಯ ಮಣ್ಣಿಗೆ ಎಡಗಡೆಯ ಚಕ್ರ ಇಳಿಸಿ ನಿಲ್ಲಿಸಿದೆ. ಕೆಳಗಿಳಿದಾಗ ಕಾಲು ನಡುಗುತ್ತಿತ್ತು. ಅಮ್ಮ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, ಕೃಷ್ಣೆಯನ್ನೇ ನೋಡುತ್ತಿದ್ದಳು.

ಮುಕ್ಕಾಲು ಗಂಟೆ ಬಿಟ್ಟು ಪೆಡಲ್ ಒತ್ತಿ ನೋಡಿದರೆ ಬ್ರೇಕ್ ಗಟ್ಟಿಯಾಗಿ ವಾಪಸು ಬಂದಿತ್ತು! ಎರಡನೇ ಗೇರಿನಲ್ಲೇ ಉಳಿದ ಘಾಟಿ ಇಳಿದು, ಸೇತುವೆ ದಾಟಿ, ದೇವರ ದರ್ಶನ ಮಾಡಿದೆವು.

ಹೈದರಾಬಾದಿಗೆ ಬಂದವನೇ ನಮ್ಮ ಮೆಕ್ಯಾನಿಕ್ ಮೇಲೆ ಹಾರಿಬಿದ್ದೆ. ಹೋಗುವ ಮೊದಲು ಅವನ ಹತ್ತಿರವೇ ಗಾಡಿ ತೋರಿಸಿದ್ದೆ. ಅವನು ಚಕ್ರ ಬಿಚ್ಚಿ ನೋಡಿ, “ಸಾರ್, ಪ್ಯಾಡ್ ಸರಿಯಿದೆ, ಲೀಕ್ ಇಲ್ಲ. ಆಯಿಲ್ ಕುದ್ದಿದೆ. ನೀವು ಘಾಟಿ ಹೇಗೆ ಇಳಿದಿರಿ?” ಎಂದು ಹಿಂದಿಯಲ್ಲಿ ಕೇಳಿದ. ತಪ್ಪು ಮಾಡಿದ್ದು ಸಾಲದೆ ನನಗೇ ಪಾಠ ಹೇಳುತ್ತೀಯಾ ಎಂದು ನಾಲ್ಕು ಜನರ ಮುಂದೆ ಬೈದೆ. ಮತ್ತೆ ಅವನ ಗ್ಯಾರೇಜಿಗೆ ಹೋಗಲಿಲ್ಲ. ಪರಿಚಯದವರಿಗೂ ಹೋಗಬೇಡಿ ಎಂದೆ.

ಸತ್ಯ ಗೊತ್ತಾದದ್ದು ಮೂರು ತಿಂಗಳ ಮೇಲೆ, ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯ ಅಣ್ಣನಿಂದ. ಆರ್‌ಟಿಸಿಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು; ಸಕ್ಕರೆ ಕಾಯಿಲೆಯ ಔಷಧಿಗೆ ಇಲ್ಲೇ ತಾರ್ನಾಕದ ಆರ್‌ಟಿಸಿ ಆಸ್ಪತ್ರೆ ಹತ್ತಿರ ಎಂದು ಇಲ್ಲಿ ಮನೆ ಮಾಡಿದವರು. ನನ್ನನ್ನು ‘ಸಾರೂ’ ಎಂದು ಕರೆಯುತ್ತಾರೆ. ತೆಲುಗಿನಲ್ಲಿ ಅದು ಮರ್ಯಾದೆಯ ಮಾತು. ನಮ್ಮ ಮನೆಯವರಿಗೆ ಮಾತ್ರ ಪ್ರತಿ ಸಲವೂ ಅನ್ನದ ಜೊತೆಗಿನ ಸಾರೇ ನೆನಪಾಗಿ ನಗು ಬರುತ್ತದೆ. ಅವರಿಗೂ ಮಲ್ಲಿಕಾರ್ಜುನ ಕಾಪಾಡಿದ ಕಥೆ ಹೇಳಿದೆ. ಅವರು ಕೈಮುಗಿಯಲಿಲ್ಲ. “ಸಾರೂ, ಏ ಗೇರ್ಲ ದಿಗಿನ್ರು?” ಎಂದರು. ಯಾವ ಗೇರಿನಲ್ಲಿ ಇಳಿದಿರಿ ಎಂದು. ಮೆಕ್ಯಾನಿಕ್ ಕೇಳಿದ ಪ್ರಶ್ನೆಯೇ.

ಅವರು ಬಿಡಿಸಿ ಹೇಳಿದರು. ಬ್ರೇಕ್ ಎಂದರೆ ವೇಗವನ್ನು ಶಾಖವಾಗಿ ಮಾಡುವ ಯಂತ್ರ, ಅಷ್ಟೇ. ಘಾಟಿ ಇಳಿಯುವಾಗ ಪೂರ್ತಿ ಭಾರವನ್ನು ಅದರ ಮೇಲೇ ಹಾಕಿದರೆ ಅದು ಕಾಯುತ್ತದೆ, ಆ ಕಾವು ಬ್ರೇಕ್ ಆಯಿಲ್‌ಗೆ ತಲುಪುತ್ತದೆ. ಬ್ರೇಕ್ ಆಯಿಲ್‌ಗೆ ಗಾಳಿಯಲ್ಲಿನ ತೇವ ಹೀರುವ ಗುಣ ಉಂಟು. ನಂತರ ನಾನೇ ಓದಿ ತಿಳಿದ ಲೆಕ್ಕ ಹೇಳುತ್ತೇನೆ: ಡಾಟ್ 4 ಎಂಬ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ, ತೇವ ಹೀರಿದ ಮೇಲೆ ಆ ಮಟ್ಟ 155 ಡಿಗ್ರಿಗೆ ಇಳಿಯಬಹುದು. ಕುದ್ದರೆ ಒಳಗೆ ಆವಿಯ ಗುಳ್ಳೆ. ದ್ರವವನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ಹೋಗುತ್ತದೆ, ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಕುಗ್ಗುತ್ತದೆ. ಅದಕ್ಕೇ ಕಾಲು ನೆಲ ಮುಟ್ಟಿದ್ದು, ಅದಕ್ಕೇ ಆರಿದ ಮೇಲೆ ಬ್ರೇಕ್ ವಾಪಸು ಬಂದದ್ದು. ಬಹಳಷ್ಟು ಕಾರುಗಳಲ್ಲಿ ಎರಡು ವರ್ಷಕ್ಕೊಮ್ಮೆ ಆ ಆಯಿಲ್ ಬದಲಿಸಲು ಹೇಳಿರುತ್ತಾರೆ. ನಾನು ಕೊಂಡ ಮೇಲೆ ಒಮ್ಮೆಯೂ ಬದಲಿಸಿರಲಿಲ್ಲ.

ಇನ್ನೂ ನಗು ಬರುವ ವಿಷಯವೆಂದರೆ, ನ್ಯೂಟ್ರಲ್‌ನಿಂದ ಪೆಟ್ರೋಲೂ ಉಳಿಯುವುದಿಲ್ಲ. ಕಾರ್ಬ್ಯುರೇಟರ್ ಕಾಲ ಹೋಯಿತು. ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ; ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದ ಹಾಗೆ ಇಡಲು ಪೆಟ್ರೋಲ್ ಬೇಕೇ ಬೇಕು. ಅಂದರೆ ನಾನು ಮನೆಮಂದಿಯ ಜೀವ ಪಣಕ್ಕಿಟ್ಟದ್ದು ಉಳಿತಾಯಕ್ಕೂ ಅಲ್ಲ, ನಷ್ಟಕ್ಕೆ.

ಇದೆಲ್ಲ ಗೊತ್ತಾದ ಮೇಲೂ ನಾನು ಕಥೆ ಬದಲಿಸಲಿಲ್ಲ. ಅಷ್ಟರಲ್ಲಿ ಅದು ಬಹಳ ಜನರಿಗೆ ತಲುಪಿತ್ತು, ಮಲ್ಲಿಕಾರ್ಜುನನ ಹೆಸರೂ ಸೇರಿಬಿಟ್ಟಿತ್ತು. ಅಮ್ಮನೂ ಒಮ್ಮೆಯೂ ಬಾಯಿ ಬಿಡಲಿಲ್ಲ. 2018ರಲ್ಲಿ ಅವಳು ಹೋದಳು. ಘಾಟಿಗಳಲ್ಲಿ ನಾನು ನ್ಯೂಟ್ರಲ್ ಬಿಟ್ಟೆ ನಿಜ. ಊರೊಳಗಿನ ಫ್ಲೈಓವರುಗಳಲ್ಲಿ ಮಾತ್ರ ಕೈಯ ಅಭ್ಯಾಸ ಹೋಗಲಿಲ್ಲ. ಮಕ್ಕಳು ನಾವು ಹೇಳಿದ್ದನ್ನು ಕಲಿಯುವುದಿಲ್ಲ, ಮಾಡಿದ್ದನ್ನು ಕಲಿಯುತ್ತಾರೆ ಎನ್ನುವುದು ಲಾಲಾಪೇಟೆಯ ಇಳಿಜಾರಿನಲ್ಲಿ ಗೊತ್ತಾಯಿತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಗಳು ಇನ್ನೊಂದು ಸುದ್ದಿ ಹೇಳಿದಳು. ಡಿಸೆಂಬರಿನಲ್ಲಿ ಆಫೀಸಿನ ಗೆಳತಿಯರ ಜೊತೆ ಶ್ರೀಶೈಲಕ್ಕೆ ಹೋಗುತ್ತಾಳಂತೆ. ಕಾರು ಇವಳದೇ, ಓಡಿಸುವವಳೂ ಇವಳೇ. ಹೆಂಡತಿ ಮತ್ತೆ ಕೆಮ್ಮಿದಳು. ಆಮೇಲೆ, “ನೀವು ಹೇಳ್ತೀರೋ, ನಾನು ಹೇಳ್ಲೋ?” ಎಂದಳು.

ಹೇಳಿದೆ. ಆರಂಭದಿಂದ, ಏನೂ ಬಿಡದೆ. ಮಗಳು ಅನ್ನ ಕಲಸಿದ ಕೈಯಲ್ಲೇ ಕೇಳುತ್ತಾ ಕೂತಳು. ಅವಳು ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆಯೇ: “ಹಾಗಾದ್ರೆ ಆ ಮೆಕ್ಯಾನಿಕ್ ಅಂಕಲ್‌ದು ಏನೂ ತಪ್ಪಿರ್ಲಿಲ್ವಾ? ನಂಗೆ ಆಡೋಕೆ ಬೇರಿಂಗ್ ಗೋಲಿ ಕೊಡ್ತಿದ್ರಲ್ಲ, ಅವರದು?”

ಇರಲಿಲ್ಲ ಎಂದೆ. ಅವನನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಬಹುದು ಅಂದುಕೊಂಡರೆ ಅದೂ ಸಾಧ್ಯವಿಲ್ಲ. ಮೆಟ್ರೋ ಕೆಲಸ ನಡೆದ ವರ್ಷಗಳಲ್ಲಿ ಆ ಸಾಲಿನ ಅಂಗಡಿಗಳೇ ಎದ್ದುಹೋದವು. 2017ರ ನವೆಂಬರಿನಲ್ಲಿ ರೈಲು ಓಡಲು ಶುರುವಾದಾಗ ಅಲ್ಲಿ ಗ್ಯಾರೇಜಿದ್ದ ಗುರುತೂ ಇರಲಿಲ್ಲ.

ಮರುದಿನದಿಂದ ನಾನೊಂದು ಕೆಲಸ ಹಿಡಿದೆ. ನನ್ನ ಕೈಕಾಲಿನಲ್ಲಿ ಇನ್ನೂ ಎಷ್ಟು ತಪ್ಪು ಪಾಠ ಕೂತಿವೆ ಎಂದು ಪಟ್ಟಿ ಮಾಡುವುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಅಷ್ಟು ಹೊತ್ತಿನಲ್ಲಿ ಯಾರೂ ಯೋಚಿಸುವುದಿಲ್ಲ. ಮೊದಲೇ ಕೈಗೆ ಏನು ಗೊತ್ತೋ ಅದೇ ನಡೆಯುತ್ತದೆ. ಹಾಗಾಗಿ ತಪ್ಪನ್ನು ತೆಗೆಯುವುದಿದ್ದರೆ ಮನೆಯಲ್ಲಿ, ಗಾಡಿ ನಿಂತಿರುವಾಗಲೇ ತೆಗೆಯಬೇಕು. ಕೆಳಗಿನ ಮನೆಯ ಅಣ್ಣ, ಮಗಳು, ನಾನು, ಕಾಂಪೌಂಡಿನ ಬೇವಿನ ಮರದ ಕೆಳಗೆ ಕೂತು ಒಂದೊಂದನ್ನೇ ಚರ್ಚೆ ಮಾಡಿದೆವು.

ಮೊದಲನೆಯದು ಬ್ರೇಕೇ. ನಿಜವಾಗಿ ಬ್ರೇಕ್ ಕೈಕೊಟ್ಟರೆ ಎಂಜಿನ್ ಆರಿಸಬಾರದು, ಕೀಯನ್ನಂತೂ ಹೊರಗೆ ತೆಗೆಯಲೇಬಾರದು. ತೆಗೆದರೆ ಸ್ಟೇರಿಂಗ್ ಲಾಕ್ ಆಗುತ್ತದೆ. ಪೆಡಲನ್ನು ಬೇಗ ಬೇಗ ಒತ್ತಿ ಬಿಡಬೇಕು, ಉಳಿದ ಒತ್ತಡ ಕೂಡಿಕೊಳ್ಳಬಹುದು. ಕಾರಿನ ಬ್ರೇಕಿನಲ್ಲಿ ಎರಡು ಪ್ರತ್ಯೇಕ ದಾರಿಗಳಿರುತ್ತವೆ. ಒಂದು ಸೋರಿದರೂ ಇನ್ನೊಂದು ಅರ್ಧ ಕೆಲಸ ಮಾಡುತ್ತದೆ. ಜೊತೆಗೇ ಒಂದೊಂದೇ ಗೇರು ಇಳಿಸುತ್ತಾ ಬರಬೇಕು. ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿ ಹಿಡಿದು ಮೆಲ್ಲಗೆ ಎಳೆಯಬೇಕು; ಸಿನಿಮಾದ ಹಾಗೆ ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಬುಗುರಿಯಾಗುತ್ತದೆ.

“ನ್ಯೂಟ್ರಲ್ ಅಂದ್ರೆ ಯಾವಾಗ್ಲೂ ತಪ್ಪೇನಾ?” ಎಂದು ಮಗಳು ಕೇಳಿದಳು. ಅಲ್ಲ. ಕಾಲಡಿಯ ಮ್ಯಾಟ್ ಸರಿದು ಆಕ್ಸಿಲರೇಟರ್ ಸಿಕ್ಕಿಹಾಕಿಕೊಂಡು ಗಾಡಿ ತಾನೇ ಓಡತೊಡಗಿದರೆ ಮಾಡಬೇಕಾದದ್ದು ಅದೇ: ನ್ಯೂಟ್ರಲ್‌ಗೆ ತಂದು ಬ್ರೇಕನ್ನು ಗಟ್ಟಿಯಾಗಿ ಒತ್ತುವುದು. ಎಂಜಿನ್ ಎಷ್ಟು ಕಿರುಚಿದರೂ ಕಿರುಚಲಿ. ಘಾಟಿಯಲ್ಲಿ ಕೊಲ್ಲುವ ನ್ಯೂಟ್ರಲ್ ಇಲ್ಲಿ ಉಳಿಸುತ್ತದೆ. ಬರೀ ‘ಹೀಗೆ ಮಾಡು’ ಎಂದು ಕಲಿತರೆ ಸಾಲದು, ‘ಯಾಕೆ’ ಎಂಬುದೂ ಜೊತೆಗಿರಬೇಕು ಎಂದು ನನಗೆ ಮನವರಿಕೆಯಾದದ್ದು ಇಲ್ಲಿ.

ಎರಡನೆಯದು ಟೈರು. ಹೈದರಾಬಾದಿನ ಮೇ ತಿಂಗಳಲ್ಲಿ ಟೈರ್ ಒಡೆಯದಿರಲಿ ಎಂದು ನಾನು ಪ್ರತಿ ವರ್ಷ ಗಾಳಿ ಸ್ವಲ್ಪ ಕಡಿಮೆ ಮಾಡಿಸುತ್ತಿದ್ದೆ. ಅಣ್ಣ ತಲೆ ಚಚ್ಚಿಕೊಂಡರು. ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ, ಕೊನೆಗೆ ಒಡೆಯುವುದು ಅದರಿಂದಲೇ. ಬಾಗಿಲ ಚೌಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟು, ಟೈರ್ ತಣ್ಣಗಿರುವಾಗ ಅಳೆದು ಹಾಕಿಸಬೇಕು. ಓಡುವಾಗ ಟೈರ್ ಒಡೆದರೆ ಎಲ್ಲರ ಕಾಲೂ ಹೋಗುವುದು ಬ್ರೇಕಿಗೆ. ಅದೇ ತಪ್ಪು. ಜೋರಾಗಿ ಬ್ರೇಕ್ ಹಾಕಿದರೆ ಗಾಡಿ ಒಡೆದ ಕಡೆಗೆ ಎಳೆದುಕೊಂಡು ಹೋಗುತ್ತದೆ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ನಿಧಾನವಾಗಿ ತೆಗೆದು, ಗಾಡಿ ತಾನಾಗಿ ವೇಗ ಕಳೆದುಕೊಂಡ ಮೇಲೆ ಬದಿಗೆ ತರಬೇಕು. ಔಟರ್ ರಿಂಗ್ ರೋಡಿನಲ್ಲಿ ಓಡಾಡುವ ನಮ್ಮವರೆಲ್ಲ ಇದೊಂದನ್ನು ನೆನಪಿಡಬೇಕು.

ಮೂರನೆಯದು ನೀರು. 2020ರ ಅಕ್ಟೋಬರ್ 13ರ ರಾತ್ರಿಯ ಮಳೆಯನ್ನು ಇಲ್ಲಿದ್ದವರು ಯಾರೂ ಮರೆತಿಲ್ಲ. ಘಟಕೇಸರ ಕಡೆ ಒಂದೇ ದಿನ 30 ಸೆಂಟಿಮೀಟರಿಗಿಂತ ಹೆಚ್ಚು ಮಳೆ ಬಿತ್ತು. ಕಾರುಗಳು ಕಾಗದದ ದೋಣಿಯಂತೆ ತೇಲಿಹೋಗುವ ವಿಡಿಯೋಗಳನ್ನು ನೋಡಿದೆವು. ಆದರೂ ‘ಗಾಡಿ ದೊಡ್ಡದು, ಪಾರಾಗುತ್ತದೆ’ ಎಂಬ ಧೈರ್ಯ ಹೋಗಿಲ್ಲ. ಒಂದಡಿ ನೀರು ಸಣ್ಣ ಕಾರನ್ನು ತೇಲಿಸಲು ಸಾಕು. ಎರಡಡಿ ಹರಿಯುವ ನೀರು ದೊಡ್ಡ ಗಾಡಿಯನ್ನೂ ಒಯ್ಯುತ್ತದೆ. 2023ರ ಮೇ 21ರ ಭಾನುವಾರ ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ, ಇಪ್ಪತ್ತರ ಹರೆಯದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬಳು ತೀರಿಕೊಂಡಳು. ಆಂಧ್ರದ ಕುಟುಂಬ, ಅವಳು ಕೆಲಸಕ್ಕೆಂದು ನಮ್ಮ ರಾಜ್ಯಕ್ಕೆ ಬಂದವಳು. ಆ ಸುದ್ದಿ ನೋಡುವಾಗ ಕೆಳಗಿನ ಮನೆಯ ಅಣ್ಣನೂ ನಮ್ಮ ಹಾಲಿನಲ್ಲೇ ಇದ್ದರು. “ನಮ್ಮ ಮಗು ನಿಮ್ಮೂರಲ್ಲಿ ಹೋಯ್ತು ಸಾರೂ” ಎಂದು ತೆಲುಗಿನಲ್ಲಿ ಹೇಳಿ, ನನ್ನ ಮಗಳ ಕಡೆ ನೋಡಿ ಸುಮ್ಮನಾದರು. ನನ್ನ ಮಗಳೂ ಅದೇ ವಯಸ್ಸಿಗೆ ಬರುತ್ತಿದ್ದಳು, ಅವರ ಊರಿನಲ್ಲಿ ಬೆಳೆಯುತ್ತಿದ್ದಳು.

ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಬಾರದು. ಒಳಗೆ ನೀರೆಳೆದುಕೊಂಡು ಎಂಜಿನ್ನೇ ಮುರಿಯುತ್ತದೆ. ನೀರು ಏರುತ್ತಿದ್ದರೆ ಫೋನ್ ಮಾಡುತ್ತಾ ಕೂರುವ ಹೊತ್ತಲ್ಲ. ಬೆಲ್ಟ್ ಬಿಚ್ಚು, ಕಿಟಕಿ ಇಳಿಸು, ಹೊರಗೆ ಬಾ. ಕರೆಂಟ್ ಹೋಗುವ ಮೊದಲೇ ಕಿಟಕಿ ಇಳಿಯಬೇಕು. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲ. ಗಾಜು ಒಡೆಯಲೆಂದೇ ಸೀಟಿನ ಹೆಡ್‌ರೆಸ್ಟ್ ಬಿಚ್ಚುವ ಹಾಗೆ ಮಾಡಿದ್ದಾರೆ ಎಂಬ ವಾಟ್ಸಾಪ್ ಸಂದೇಶವನ್ನು ನಾನೇ ಹತ್ತು ಜನಕ್ಕೆ ಕಳಿಸಿದ್ದೆ. ಅದು ಇರುವುದು ಡಿಕ್ಕಿಯಾದಾಗ ಕುತ್ತಿಗೆ ಉಳುಕದಿರಲಿ ಎಂದು, ಗಾಜಿಗಲ್ಲ. ಮುಂದಿನ ಗಾಜು ಒಡೆದರೂ ಹರಿದುಕೊಳ್ಳುವುದಿಲ್ಲ, ಎರಡು ಪದರದ ನಡುವೆ ಹಾಳೆ ಇರುತ್ತದೆ. ಪಕ್ಕದ ಗಾಜಿನ ಮೂಲೆಗೆ ಚೂಪಾದ ಸುತ್ತಿಗೆಯಿಂದ ಹೊಡೆಯಬೇಕು. ಇನ್ನೂರು ಮುನ್ನೂರು ರೂಪಾಯಿಯ ಆ ಪುಟ್ಟ ಸುತ್ತಿಗೆ ಈಗ ನಮ್ಮ ಕಾರಿನಲ್ಲಿ ಕೈಗೆ ಸಿಗುವ ಹಾಗಿದೆ.

ಸಣ್ಣಪುಟ್ಟವು ಇನ್ನೂ ಇದ್ದವು. ಜೋರು ಮಳೆಯಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವುದು: ಗಾಡಿ ನಿಂತಿದೆ ಎಂಬುದಕ್ಕೆ ಅದು ಗುರುತು, ಓಡುವಾಗ ಹಾಕಿದರೆ ನಾವು ಯಾವ ಕಡೆ ತಿರುಗುತ್ತೇವೆ ಎಂದು ಹಿಂದಿನವನಿಗೆ ತಿಳಿಯುವುದೇ ಇಲ್ಲ. ಹೆಡ್‌ಲೈಟ್ ಸಾಕು. ನಾಯಿ ಅಡ್ಡ ಬಂದರೆ ಸ್ಟೇರಿಂಗ್ ಎಳೆಯುವುದು: ನೇರವಾಗಿ ಬ್ರೇಕ್ ಹಾಕಬೇಕು, ಮನಸ್ಸಿಗೆ ಎಷ್ಟೇ ಕಷ್ಟವಾದರೂ ಪಕ್ಕದ ಬೈಕಿನವನ ಮೇಲೆ ಹೋಗಬಾರದು. ಹಿಂದಿನ ಸೀಟಿಗೆ ಬೆಲ್ಟ್ ಬೇಡ ಎನ್ನುವುದು: 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತಿದ್ದರು. 2013ರಲ್ಲಿ ಆ ಘಾಟಿಯಲ್ಲಿ ನನ್ನ ಅಮ್ಮನೂ ಮಗಳೂ ಕೂತಿದ್ದದ್ದು ಹಾಗೆಯೇ.

ಇಷ್ಟಾದ ಮೇಲೆ ಅಭ್ಯಾಸ ಬೇಕಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯದ ಒಳರಸ್ತೆಯಲ್ಲಿ ಇಡೀ ತಾರ್ನಾಕವೇ ಡ್ರೈವಿಂಗ್ ಕಲಿಯುತ್ತದೆ, ಆದರೆ ಬೆಳಗ್ಗೆ ಅಲ್ಲಿ ವಾಕಿಂಗ್‌ನವರ ಸಾಲು. ಹಾಗಾಗಿ ಘಟಕೇಸರದ ಆಚೆ ಇನ್ನೂ ಮನೆ ಏಳದ ಒಂದು ವೆಂಚರಿಗೆ ಹೋದೆವು. ನಮ್ಮ ಲೇಔಟಿಗೆ ಇಲ್ಲಿಯವರು ವೆಂಚರ್ ಎನ್ನುತ್ತಾರೆ. ಅಗಲವಾದ ಖಾಲಿ ರಸ್ತೆ, ಅಲ್ಲಲ್ಲಿ ಪ್ಲಾಟಿನ ಕಲ್ಲು, ಮೇಯುವ ಎಮ್ಮೆಗಳು ದೂರದಲ್ಲಿ. ರಸ್ತೆಯ ಮಧ್ಯೆ ಖಾಲಿ ರಟ್ಟಿನ ಪೆಟ್ಟಿಗೆ ಇಟ್ಟು, “ಇದು ಮಗು ಅಂದ್ಕೋ. ನಲವತ್ತರಲ್ಲಿ ಬಂದು ಬ್ರೇಕ್ ಹಾಕು. ಒಮ್ಮೆಲೇ ಒತ್ತಬೇಡ, ಒತ್ತಿ ಬಿಟ್ಟು, ಒತ್ತಿ ಬಿಟ್ಟು...” ಎಂದೆ. ಅಪ್ಪ ನನಗೆ ಕಲಿಸಿದ್ದು ಹಾಗೆ.

“ಅಪ್ಪಾ, ಇದ್ರಲ್ಲಿ ಎಬಿಎಸ್ ಇದೆ” ಎಂದಳು. ಡ್ಯಾಶ್‌ಬೋರ್ಡಿನ ಗೂಡಿನಿಂದ ಒಂದು ದಪ್ಪ ಪುಸ್ತಕ ತೆಗೆದಳು. ಕಾರಿನ ಜೊತೆ ಕೊಟ್ಟ ಮ್ಯಾನ್ಯುಯಲ್. ನನ್ನ ಹಳೆಯ ಕಾರಿನದು ಮಾರುವವರೆಗೂ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಪೆಡಲನ್ನು ಪೂರ್ತಿ ಒತ್ತಿ, ಬಿಡದೆ ಹಿಡಿಯಿರಿ.

ಅಪ್ಪನ ಅಂಬಾಸಿಡರ್‌ನಲ್ಲಿ ಚಕ್ರ ಕಚ್ಚಿಕೊಳ್ಳದಿರಲು ಕಾಲಿನಿಂದ ಮಾಡುತ್ತಿದ್ದ ಕೆಲಸವನ್ನು ಈಗ ಎಬಿಎಸ್ ಯಂತ್ರವೇ ಒಂದು ಸೆಕೆಂಡಿನಲ್ಲಿ ಹಲವು ಸಲ ಮಾಡುತ್ತದೆ. 2019ರಿಂದ ನಮ್ಮ ದೇಶದ ಹೊಸ ಕಾರುಗಳಿಗೆ ಅದು ಕಡ್ಡಾಯ. ನಾವು ಕಾಲೆತ್ತಿದರೆ ಅದಕ್ಕೇ ಅಡ್ಡಿ. ಅವಳು ಹೋದಳು, ಬಂದಳು, ಪೂರ್ತಿ ಒತ್ತಿದಳು. ಪೆಡಲ್ ಕಾಲಡಿಯಲ್ಲಿ ಗರಗರ ಎಂದು ನಡುಗಿತು. ಏನೋ ಮುರಿಯಿತು ಎಂದು ನಾನಾಗಿದ್ದರೆ ಕಾಲೆತ್ತಿಬಿಡುತ್ತಿದ್ದೆ. ಬಹಳ ಜನ ಹಾಗೇ ಮಾಡುತ್ತಾರೆ. ಅವಳು ಬಿಡಲಿಲ್ಲ. ಒತ್ತಿ ಹಿಡಿದೇ ಸ್ಟೇರಿಂಗ್ ತಿರುಗಿಸಿ ಪೆಟ್ಟಿಗೆಯ ಪಕ್ಕದಿಂದ ಸರಿದು ನಿಲ್ಲಿಸಿದಳು. ಎಬಿಎಸ್ ಇದ್ದರೆ ಗಾಡಿ ಬೇಗ ನಿಲ್ಲುತ್ತದೆ ಎಂಬ ನನ್ನ ಇನ್ನೊಂದು ನಂಬಿಕೆಯೂ ಪೂರ್ತಿ ಸರಿಯಲ್ಲವಂತೆ. ಜಲ್ಲಿ, ಮರಳಿನ ಮೇಲೆ ನಿಲ್ಲಲು ಇನ್ನೂ ಸ್ವಲ್ಪ ದೂರ ಬೇಕಾಗಬಹುದು. ಅದು ಕೊಡುವುದು ಬ್ರೇಕ್ ಒತ್ತಿರುವಾಗಲೂ ತಿರುಗಿಸುವ ಶಕ್ತಿಯನ್ನು.

ನಂತರ ನಾನು ಓಡಿಸಿದೆ. ಮೊದಲ ಮೂರು ಸಲವೂ ಕಾಲು ತಾನಾಗಿ ಮೇಲೆದ್ದಿತು. ಪೆಟ್ಟಿಗೆ ಚಪ್ಪಟೆಯಾಯಿತು. ನಾಲ್ಕನೇ ಸಲ ಬಿಡದೆ ಹಿಡಿದೆ. ಅಪ್ಪನ ಒಂದು ಮಾತು ಇಂದಿಗೂ ಸರಿ, ಇನ್ನೊಂದು ಮಾತು ಅವರ ಕಾರಿಗೆ ಮಾತ್ರ ಸರಿ. ಎರಡನ್ನೂ ನಾನು ತಲೆಕೆಳಗಾಗಿ ಹಿಡಿದುಕೊಂಡಿದ್ದೆ: ಉಳಿಸಿಕೊಳ್ಳಬೇಕಾದದ್ದನ್ನು ಹಳತೆಂದು ಬಿಟ್ಟೆ, ಬಿಡಬೇಕಾದದ್ದನ್ನು ಅಪ್ಪನದೆಂದು ಇಟ್ಟುಕೊಂಡೆ.

ಡಿಸೆಂಬರಿನ ಮೂರನೇ ಶನಿವಾರ ಬೆಳಗಿನ ಜಾವ ಅವಳು ಗೆಳತಿಯರ ಜೊತೆ ಹೊರಟಳು. ಬ್ರೇಕ್ ಆಯಿಲ್ ಹೊಸತು, ಟೈರಿನ ಗಾಳಿ ಚೀಟಿಯಲ್ಲಿದ್ದಷ್ಟು. ಕೆಳಗಿನ ಮನೆಯ ಅಣ್ಣನೂ ಎದ್ದು ಮಂಕಿ ಕ್ಯಾಪ್ ಹಾಕಿಕೊಂಡು ಬಂದಿದ್ದರು. ಚಾಲಕನ ಕಾಲಡಿ ಉರುಳುತ್ತಿದ್ದ ನೀರಿನ ಬಾಟಲಿಯನ್ನು ತೆಗೆದು ಹಿಂದಿನವರ ಕೈಗೆ ಕೊಟ್ಟರು. ಅದು ಪೆಡಲಿನ ಕೆಳಗೆ ಹೋದರೆ ಬ್ರೇಕ್ ಒತ್ತಲಾಗುವುದಿಲ್ಲ. ನನ್ನ ಪಟ್ಟಿಯಲ್ಲಿ ಅದು ಇರಲೇ ಇಲ್ಲ.

ಎಂಟು ಗಂಟೆಗೆ ಮೆಸೇಜ್ ಬರಬೇಕಿತ್ತು, ಬರಲಿಲ್ಲ. ಕಾಡಿನಲ್ಲಿ ಸಿಗ್ನಲ್ ಇಲ್ಲ ಎಂದು ಹೆಂಡತಿ ಹೇಳಿದಳು. ನನಗೂ ಗೊತ್ತಿತ್ತು. ಆದರೂ ಬಾಲ್ಕನಿಗೂ ಅಡುಗೆಮನೆಗೂ ಓಡಾಡುತ್ತಿದ್ದೆ. ಒಂಬತ್ತೂ ಹತ್ತಕ್ಕೆ ಫೋನ್ ಟಿಣ್ ಎಂದಿತು. ಅಣೆಕಟ್ಟಿನ ಕೆಳಗಿನ ಸೇತುವೆಯ ಹತ್ತಿರ ತೆಗೆದ ಒಂದು ಫೋಟೋ, ಹಿಂದೆ ಕೃಷ್ಣೆ. ಕೆಳಗೆ ಎರಡೇ ಸಾಲು:

“ಪೂರ್ತಿ ಸೆಕೆಂಡ್ ಗೇರು. ಅಜ್ಜಿಗೆ ಹೇಳು.”

ದೇವರ ಮನೆಯಲ್ಲಿ ಅಮ್ಮನ ಫೋಟೋ ಇದೆ. ಹೋಗಿ ಹೇಳಿದೆ.